ಮನೆಯ ವಿಡಿಯೊದಲ್ಲಿ ಕನ್ನಡ ಬರಹ: ಸೇರಿಸುವ ಕ್ರಮ, ಇಡುವ ಜಾಗ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಆನೆಗಳ ಸಾಲು. ಆ ಗೋಡೆಯ ವಿಡಿಯೊ ತೆಗೆದುಕೊಂಡು ಬಂದು, ಊರಿನ ಹೆಸರನ್ನು ವಾಡಿಕೆಯಂತೆ ಪರದೆಯ ಕೆಳಭಾಗದಲ್ಲಿ ಬರೆದರೆ, ಒಂದೊಂದಾಗಿ ಕಡೆದ ಆ ಆನೆಗಳೆಲ್ಲ ಅಕ್ಷರಗಳ ಹಿಂದೆ ಮರೆಯಾಗುತ್ತವೆ. ಶ್ರವಣಬೆಳಗೊಳದ ಗೊಮ್ಮಟನ ಚಿತ್ರದಲ್ಲಿ ಪರಿಸ್ಥಿತಿ ಬೇರೆ. ಸುಮಾರು 57 ಅಡಿ ಎತ್ತರದ ಮೂರ್ತಿ ಅಡ್ಡ ಚೌಕಟ್ಟಿನ ನಡುವೆ ನೆಟ್ಟಗೆ ನಿಂತಾಗ ಎರಡೂ ಪಕ್ಕಗಳಲ್ಲಿ ಬರಿಯ ಆಕಾಶ ಉಳಿಯುವುದರಿಂದ, ಬರಹಕ್ಕೆ ಅಲ್ಲಿಯೇ ಧಾರಾಳವಾಗಿ ಎಡೆ ಸಿಗುತ್ತದೆ. ವಿಡಿಯೊ ಮೇಲಿನ ಬರಹಕ್ಕೆ ಇಂಥದೇ ಜಾಗ ಎಂದು ಮೊದಲೇ ಗೊತ್ತುಮಾಡಿಕೊಳ್ಳಲು ಬರುವುದಿಲ್ಲ. ಚಿತ್ರ ಎಲ್ಲಿ ಎಡೆ ಬಿಟ್ಟುಕೊಡುತ್ತದೆಯೋ ಅಲ್ಲಿ ಬರಹ ಕೂರಬೇಕು.

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಈಗ ಗೃಹಪ್ರವೇಶ, ನಾಮಕರಣ, ಊರಹಬ್ಬ, ಕಾಫಿ ಕೊಯ್ಲು ಎಲ್ಲವೂ ಮೊಬೈಲಿನಲ್ಲಿ ವಿಡಿಯೊ ಆಗಿ ಉಳಿಯುತ್ತಿವೆ. ಆದರೆ ಚಿತ್ರದಲ್ಲಿ ಇರುವವರು ಯಾರು, ಅದು ಯಾವ ಊರು, ಯಾವ ವರ್ಷ ಎಂಬ ಮೂರು ಮಾತುಗಳನ್ನು ಬರೆದಿಡುವವರು ಕಡಿಮೆ. ನಮ್ಮ ಮನೆಯಲ್ಲಿ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಹಳೆಯ ಮದುವೆಯ ವಿಡಿಯೊ ಒಂದಿದೆ. ಅದರಲ್ಲಿ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಲ್ಲಿ ಅರ್ಧ ಜನರ ಗುರುತು ಇಂದು ನಮಗೆ ಯಾರಿಗೂ ಇಲ್ಲ, ಗುರುತು ಹೇಳಬಲ್ಲ ಹಿರಿಯರೂ ಉಳಿದಿಲ್ಲ. ಅದನ್ನು ನೋಡಿದ ಮೇಲೆ ಮನೆಯ ಯಾವ ವಿಡಿಯೊವನ್ನೂ ನಾನು ಹೆಸರು, ಊರು, ವರ್ಷ ಹಾಕದೆ ಮುಗಿಸಿಲ್ಲ.

ಇಲ್ಲಿ ಹೇಳುವ ಕ್ರಮವನ್ನು ಶಾಟ್‌ಕಟ್ ಎಂಬ ವಿಡಿಯೊ ಸಂಪಾದನೆಯ ತಂತ್ರಾಂಶಕ್ಕೆ ಹೊಂದಿಸಿ ಬರೆದಿದ್ದೇನೆ. ಅದು ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ, ಸಿದ್ಧವಾದ ವಿಡಿಯೊ ಮೇಲೆ ತನ್ನ ಮುದ್ರೆಯನ್ನು ಒತ್ತುವುದಿಲ್ಲ, ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್, ಕ್ಲಿಪ್‌ಚಾಂಪ್ ಅಥವಾ ಮೊಬೈಲಿನ ಕೈನ್‌ಮಾಸ್ಟರ್, ಇನ್‌ಶಾಟ್ ಬಳಸುವವರಿಗೆ ಗುಂಡಿಗಳ ಹೆಸರು ಬೇರೆಯಾದೀತು. ಜಾಗ, ಬಣ್ಣ, ಗಾತ್ರ, ಸಮಯಗಳ ವಿಚಾರ ಎಲ್ಲ ಕಡೆಯೂ ಒಂದೇ.

ಮೊದಲು ಒತ್ತಕ್ಷರದ ಪರೀಕ್ಷೆ

ಯಾವ ತಂತ್ರಾಂಶವನ್ನೇ ಆರಿಸಿಕೊಂಡರೂ ಕೆಲಸಕ್ಕೆ ಕೂರುವ ಮೊದಲು ಅದರ ಬರಹದ ಪೆಟ್ಟಿಗೆಯಲ್ಲಿ ‘ಮುಳ್ಳಯ್ಯನಗಿರಿಯ ಸೂರ್ಯೋದಯ’ ಎಂದು ಟೈಪ್ ಮಾಡಿ ನೋಡಿ. ಈ ಎರಡು ಪದಗಳಲ್ಲಿ ಳಕಾರದ ಒತ್ತು, ಯಕಾರದ ಒತ್ತು, ಅರ್ಕಾವೊತ್ತು, ಓಕಾರದ ದೀರ್ಘ ಎಲ್ಲವೂ ಇರುವುದರಿಂದ, ಇದು ಸರಿಯಾಗಿ ಮೂಡಿದರೆ ಉಳಿದ ಕನ್ನಡವೂ ಬಹುಮಟ್ಟಿಗೆ ಸರಿಯಾಗಿ ಮೂಡುತ್ತದೆ. ‘ಮುಳ್‌ಳಯ್‌ಯನಗಿರಿ’ ಎಂದು ಒತ್ತುಗಳು ಬಿಡಿಬಿಡಿಯಾಗಿ ನಿಂತರೆ ಆ ತಂತ್ರಾಂಶಕ್ಕೆ ನಮ್ಮ ಲಿಪಿಯನ್ನು ಜೋಡಿಸಲು ಬರುವುದಿಲ್ಲವೆಂದೇ ಅರ್ಥ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಗೊತ್ತುಮಾಡುವ ಯುನಿಕೋಡ್ ಪದ್ಧತಿಯಲ್ಲಿ ‘ಪ್ರ’ ಎಂಬುದು ಒಂದು ಅಕ್ಷರವಾಗಿ ದಾಖಲಾಗಿರುವುದಿಲ್ಲ. ಪಕಾರ, ಹಲಂತದ ಚಿಹ್ನೆ, ರಕಾರ ಎಂಬ ಮೂರು ಸಂಕೇತಗಳು ಸಾಲಾಗಿ ಇರುತ್ತವೆ. ಅವುಗಳನ್ನು ಕೂಡಿಸಿ ಪಕಾರಕ್ಕೆ ರಕಾರದ ಒತ್ತು ಕೊಡುವ ಕೆಲಸ ತೆರೆಯ ಮೇಲೆ ತೋರಿಸುವ ಹೊತ್ತಿನಲ್ಲಿ ತಂತ್ರಾಂಶವೇ ಮಾಡಬೇಕಾದದ್ದು.

ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ನಮ್ಮ ಮನೆಯ ಗೃಹಪ್ರವೇಶದ ವಿಡಿಯೊ ಮಾಡಿಕೊಟ್ಟ ಸ್ಟುಡಿಯೊದವರು ಮೊದಲ ಪರದೆಯಲ್ಲಿಯೇ ದೊಡ್ಡ ಚಿನ್ನದ ಬಣ್ಣದ ಅಕ್ಷರಗಳಲ್ಲಿ ‘ಗೃಹಪ್‌ರವೇಶ’ ಎಂದು ಹಾಕಿಕೊಟ್ಟಿದ್ದರು. ಅಪ್ಪ ಅವರಿಗೆ ಏನೂ ಹೇಳಲಿಲ್ಲ, ಆದರೆ ನೆಂಟರಿಗೆ ತೋರಿಸುವಾಗಲೆಲ್ಲ ಆ ಭಾಗವನ್ನು ಬೇಗನೆ ಮುಂದಕ್ಕೆ ಓಡಿಸುತ್ತಿದ್ದರು.

ಆಮಂತ್ರಣ ಪತ್ರಿಕೆಯ ಸಾಲುಗಳನ್ನು ನಕಲು ಮಾಡಿ ತಂದು ಅಂಟಿಸುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಮುದ್ರಣಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಇಟ್ಟುಕೊಂಡಿರುವುದರಿಂದ, ಬೇರೆ ಫಾಂಟ್ ಬಂದ ಕೂಡಲೇ ಬರಹವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲವಾಗುತ್ತದೆ. ಅಂಥ ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವೇ ಹೊಸದಾಗಿ ಟೈಪ್ ಮಾಡಬೇಕು. ನಾಲ್ಕೈದು ಸಾಲಿನ ಕೆಲಸವಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ. ನಿಮ್ಮ ತಂತ್ರಾಂಶ ಒತ್ತುಗಳನ್ನು ಹೇಗೂ ಜೋಡಿಸದಿದ್ದರೆ, ಬರಹವನ್ನು ಇಂಕ್‌ಸ್ಕೇಪ್‌ನಂಥ ಚಿತ್ರ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ವಿಡಿಯೊ ಮೇಲೆ ಇಡುವ ದಾರಿ ಇದ್ದೇ ಇದೆ. ಪ್ರೀಮಿಯರ್ ಪ್ರೊ ಬಳಸುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಭಾಷೆಗಳಿಗೆ ಮೀಸಲಾದ ಟೆಕ್ಸ್ಟ್ ಎಂಜಿನ್ ಆರಿಸಿಕೊಂಡರೆ ಸಾಕು.

ಫಾಂಟ್ ವಿಷಯದಲ್ಲಿ ನನ್ನ ಒಲವು ನೋಟೊ ಸ್ಯಾನ್ಸ್ ಕನ್ನಡದ ದಪ್ಪ ರೂಪದ ಕಡೆಗೆ. ಮಕ್ಕಳ ಹುಟ್ಟುಹಬ್ಬದಂಥ ವಿಡಿಯೊಗಳಿಗೆ ಬಲೂ ತಮ್ಮದ ದುಂಡನೆಯ ಅಕ್ಷರ ಚೆನ್ನಾಗಿ ಕಾಣುತ್ತದೆ. ಇವೆರಡೂ ಉಚಿತ. ಹಳೆಯ ವಿಂಡೋಸ್‌ಗಳಲ್ಲಿ ಮೊದಲೇ ಇರುತ್ತಿದ್ದ ತುಂಗಾ ಫಾಂಟ್ ಕಾಗದದ ಮೇಲೆ ಚೆಂದವಾದರೂ, ಅದರ ತೆಳು ಗೆರೆಗಳು ಚಲಿಸುವ ಚಿತ್ರದ ಮೇಲೆ ನಿಲ್ಲುವುದಿಲ್ಲ.

ಬರಹ ಸೇರಿಸುವುದು

ಶಾಟ್‌ಕಟ್‌ನಲ್ಲಿ ಬರಹ ಸೇರಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಟೈಮ್‌ಲೈನ್‌ನಲ್ಲಿರುವ (ವಿಡಿಯೊ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿರುವ) ಕ್ಲಿಪ್ಪನ್ನು ಆರಿಸಿ, ‘ಫಿಲ್ಟರ್ಸ್’ ಫಲಕವನ್ನು ತೆರೆದು, ಕೂಡಿಸುವ ಚಿಹ್ನೆಯನ್ನು ಒತ್ತಿ, ‘ಟೆಕ್ಸ್ಟ್: ಸಿಂಪಲ್’ ಎಂಬುದನ್ನು ಆರಿಸಬೇಕು. ಹೀಗೆ ಹಾಕಿದ ಬರಹ ಆ ಕ್ಲಿಪ್ಪಿನ ಆರಂಭದಿಂದ ಕೊನೆಯವರೆಗೂ ನಿಲ್ಲುತ್ತದೆ. ಮೊದಲ ಐದು ಸೆಕೆಂಡಿಗೆ ಮಾತ್ರ ಬೇಕಾದರೆ ಐದನೆಯ ಸೆಕೆಂಡಿನಲ್ಲಿ ‘ಎಸ್’ ಕೀಲಿ ಒತ್ತಿ ಕ್ಲಿಪ್ಪನ್ನು ಎರಡಾಗಿ ಸೀಳಿ, ಮೊದಲ ತುಂಡಿಗಷ್ಟೇ ಫಿಲ್ಟರ್ ಹಾಕಬಹುದು. ಎರಡನೆಯ ದಾರಿಯಲ್ಲಿ ‘ಓಪನ್ ಅದರ್’ ಪಟ್ಟಿಯಿಂದ ‘ಟೆಕ್ಸ್ಟ್’ ಆರಿಸಿ ಬರಹದ್ದೇ ಒಂದು ಪಾರದರ್ಶಕ ಕ್ಲಿಪ್ ತಯಾರಿಸಿಕೊಂಡು, ವಿಡಿಯೊ ಟ್ರ್ಯಾಕಿನ (ಟೈಮ್‌ಲೈನ್‌ನ ಒಂದು ಪದರದ) ಮೇಲೆ ಇನ್ನೊಂದು ವಿಡಿಯೊ ಟ್ರ್ಯಾಕ್ ಸೇರಿಸಿ, ಅದರಲ್ಲಿ ಈ ಕ್ಲಿಪ್ಪನ್ನು ಇಡಬೇಕು. ಕೆಳಗಿನ ದೃಶ್ಯವನ್ನು ಮುಟ್ಟದೆ ಬರಹವನ್ನು ಮಾತ್ರ ಹಿಂದಕ್ಕೆ ಮುಂದಕ್ಕೆ ಜಾರಿಸಬಹುದಾದ್ದರಿಂದ, ಬರಹ ನಾಲ್ಕೈದಕ್ಕಿಂತ ಹೆಚ್ಚಿದ್ದರೆ ನಾನು ಈ ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ.

ಫಿಲ್ಟರ್ ಹಾಕಿದ ಕೂಡಲೇ ಚಿತ್ರದ ಮೇಲೆ ಒಂದು ಆಯತ ಕಾಣಿಸುತ್ತದೆ. ನಡುವಿನ ಚುಕ್ಕಿಯನ್ನು ಹಿಡಿದು ಎಳೆದರೆ ಆಯತ ಜಾಗ ಬದಲಿಸುತ್ತದೆ, ಮೂಲೆಗಳನ್ನು ಎಳೆದರೆ ಹಿರಿದು ಕಿರಿದಾಗುತ್ತದೆ. ಹೊಸಬರಿಗೆ ಗೊಂದಲವಾಗುವುದು ಇಲ್ಲಿಯೇ: ಅಕ್ಷರದ ಗಾತ್ರವನ್ನು ನೀವೇ ಗೊತ್ತುಮಾಡದಿದ್ದರೆ ಬರಹ ಆಯತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಆದ್ದರಿಂದ ‘ಮೂಡಿಗೆರೆ’ ಎಂಬ ಚಿಕ್ಕ ಹೆಸರು ದೊಡ್ಡದಾಗಿಯೂ ‘ಚಿಕ್ಕಮಗಳೂರು’ ಎಂಬ ಉದ್ದ ಹೆಸರು ಸಣ್ಣದಾಗಿಯೂ ಬಂದು ವಿಡಿಯೊ ಪೂರ್ತಿ ಅಕ್ಷರಗಳು ಏರುಪೇರಾಗುತ್ತವೆ. ‘ಯೂಸ್ ಫಾಂಟ್ ಸೈಜ್’ ಎಂಬ ಆಯ್ಕೆಯನ್ನು ಗುರುತು ಹಾಕಿ, ಎಲ್ಲ ಬರಹಗಳಿಗೂ ಒಂದೇ ಗಾತ್ರ ಕೊಡಿ.

ಎಲ್ಲಿ ಇಡಬೇಕು

ಬರಹ ಇಡುವ ಮೊದಲು ಕ್ಲಿಪ್ಪನ್ನು ಧ್ವನಿಯಿಲ್ಲದೆ ಒಮ್ಮೆ ಪೂರ್ತಿ ನೋಡಿ. ಕಣ್ಣು ತಾನಾಗಿ ಎಲ್ಲಿಗೆ ಹೋಗುತ್ತದೆಯೋ ಆ ಜಾಗವನ್ನು ಬರಹ ಮುಟ್ಟಬಾರದು. ಅಜ್ಜಿ ಅಕ್ಕಿರೊಟ್ಟಿ ತಟ್ಟುವ ವಿಡಿಯೊದಲ್ಲಿ ಮುಖಕ್ಕಿಂತ ಕೈ ಮುಖ್ಯ; ಕೈಗಳು ಚೌಕಟ್ಟಿನ ಕೆಳಭಾಗದ ನಡುವೆ ಇರುತ್ತವೆ, ಹಾಗಾಗಿ ‘ಹಿಟ್ಟಿಗೆ ಬಿಸಿನೀರು’ ಎಂಬಂಥ ಸೂಚನೆ ಮೇಲಿನ ಮೂಲೆಗೆ ಹೋಗಬೇಕು. ಒಬ್ಬರು ಕುಳಿತು ಮಾತನಾಡುವ ದೃಶ್ಯದಲ್ಲಿ ಅವರು ಯಾವ ಕಡೆಗೆ ನೋಡುತ್ತಿದ್ದಾರೋ ಆ ಕಡೆಯ ಖಾಲಿ ಜಾಗ ಅವರ ನೋಟಕ್ಕೆ ಸೇರಿದ್ದು. ಅಲ್ಲಿ ಅಕ್ಷರ ತುಂಬಿಸಿದರೆ ಅವರು ಗೋಡೆಗೆ ಮುಖ ಮಾಡಿ ಕುಳಿತಂತೆ ಕಾಣುತ್ತದೆ. ಅವರ ಹೆಸರನ್ನೂ ನೆಂಟಸ್ತಿಕೆಯನ್ನೂ ಎದೆಮಟ್ಟದ ಕೆಳಗೆ, ಅವರು ಕುಳಿತ ಪಕ್ಕಕ್ಕೆ ಸರಿಸಿ ಇಡುವುದು ಸರಿ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರು ಸೂರಿನ ಕೆಳಗೆ, ಎತ್ತರದಲ್ಲಿ ಇರುವುದರಿಂದ ಕ್ಯಾಮೆರಾ ಮೇಲಕ್ಕೆ ತಿರುಗಿದಾಗ ಕೆಳಭಾಗ ಬರಹಕ್ಕೆ ಬಿಡುವಾಗುತ್ತದೆ. ಅದೇ ದೇವಾಲಯದ ಜಗತಿಯ (ದೇವಾಲಯ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ಮಕ್ಕಳು ಓಡಾಡುವ ದೃಶ್ಯದಲ್ಲಿ ಬರಹ ಮೇಲಕ್ಕೆ ಏರಬೇಕು.

ಅಂಚಿಗೆ ಎಷ್ಟು ಹತ್ತಿರ ಹೋಗಬಹುದು ಎಂಬುದಕ್ಕೆ ಲೆಕ್ಕವಿದೆ. ಟಿವಿಗಳಲ್ಲಿ ಹಲವು ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸಿ ತೋರಿಸುವುದರಿಂದ, ಚೌಕಟ್ಟಿನ ನಡುವಿನ ಶೇಕಡಾ 90 ಭಾಗದೊಳಗೆ ಬರಹ ಇರಬೇಕೆಂಬುದು ಪ್ರಸಾರ ಕ್ಷೇತ್ರದ ಈಗಿನ ಅಳತೆ. 1920×1080 ಪಿಕ್ಸೆಲ್ ವಿಡಿಯೊದಲ್ಲಿ ಇದು ಎಡಬಲಗಳಲ್ಲಿ 96 ಪಿಕ್ಸೆಲ್, ಮೇಲೆ ಕೆಳಗೆ 54 ಪಿಕ್ಸೆಲ್ ಬಿಟ್ಟಂತೆ. ಶಾಟ್‌ಕಟ್‌ನ ಚಿತ್ರದ ಕೆಳಗಿರುವ ಗ್ರಿಡ್ ಗುಂಡಿಯಲ್ಲಿ ಸುರಕ್ಷಿತ ವಲಯದ ಗೆರೆಗಳನ್ನು ತೋರಿಸುವ ಆಯ್ಕೆ ಇದೆ. ಆ ಗೆರೆಗಳು ಸಿದ್ಧ ವಿಡಿಯೊದಲ್ಲಿ ಬರುವುದಿಲ್ಲ. ಕನ್ನಡಕ್ಕೆ ಇಲ್ಲಿ ಒಂದು ಮಾತು ಹೆಚ್ಚಾಗಿ ಹೇಳಬೇಕು: ಅಕ್ಷರದ ಬುಡವನ್ನು ನೋಡಿ ಅಳೆಯದೆ ಒತ್ತಿನ ಬುಡವನ್ನು ನೋಡಿ ಅಳೆಯಿರಿ. ‘ಹಾಸನ’ ಎಂದು ಬರೆದು ಕೆಳಗೆರೆಗೆ ತಾಗಿಸಿ ಇಟ್ಟ ಜಾಗದಲ್ಲಿಯೇ ‘ಮುಳ್ಳಯ್ಯನಗಿರಿ’ ಎಂದು ಬರೆದರೆ ಒತ್ತುಗಳು ಗೆರೆಯ ಕೆಳಗೆ ಜೋತುಬೀಳುತ್ತವೆ.

ಎರಡು ಸಾಲಿನ ಬರಹದಲ್ಲಿ ಈ ಜೋತುಬೀಳುವಿಕೆ ಇನ್ನಷ್ಟು ತೊಂದರೆ ಕೊಡುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೋ ಏತ್ವಕ್ಕೋ ತಾಗಿ, ಎರಡೂ ಸೇರಿ ಮೂರನೆಯದೊಂದು ಅಕ್ಷರದಂತೆ ಕಾಣುತ್ತವೆ. ಸಾಲುಗಳ ನಡುವಿನ ಅಂತರ ಸಾಲದಿದ್ದಾಗ ನಾನು ಮಾಡುವುದಿಷ್ಟೇ: ಒಂದು ಸಾಲಿಗೆ ಒಂದರಂತೆ ಎರಡು ಬೇರೆ ಬೇರೆ ‘ಟೆಕ್ಸ್ಟ್: ಸಿಂಪಲ್’ ಫಿಲ್ಟರ್‌ಗಳನ್ನು ಹಾಕಿ, ಎರಡನೆಯದನ್ನು ಬೇಕಾದಷ್ಟು ಕೆಳಗೆ ಸರಿಸುತ್ತೇನೆ. ಆಯತದ ಜಾಗವನ್ನು ಅಂಕಿಗಳಲ್ಲಿಯೂ ಕೊಡಬಹುದಾದ್ದರಿಂದ ಎರಡರ ಎಡ ಅಂಚನ್ನು ಒಂದೇ ಸಂಖ್ಯೆಗೆ ಇಟ್ಟರೆ ಸಾಲುಗಳು ನೇರವಾಗಿ ಕೂರುತ್ತವೆ. ಸಾಲನ್ನು ಎಲ್ಲಿ ಮುರಿಯಬೇಕೆಂಬುದನ್ನೂ ತಂತ್ರಾಂಶಕ್ಕೆ ಬಿಡಬೇಡಿ. ನಮ್ಮ ಪದಗಳು ವಿಭಕ್ತಿ ಸೇರಿ ಉದ್ದವಾಗುವುದರಿಂದ ತಾನಾಗಿ ಮುರಿದ ಸಾಲಿನಲ್ಲಿ ಮೇಲೆ ನಾಲ್ಕು ಪದ, ಕೆಳಗೆ ಒಂಟಿ ಪದ ನಿಲ್ಲುವುದೇ ಹೆಚ್ಚು. ‘ಬೇಲೂರಿನ ಚೆನ್ನಕೇಶವ ದೇವಾಲಯ’ ಮೇಲೆ, ‘1117ರಲ್ಲಿ ಪ್ರತಿಷ್ಠೆ’ ಕೆಳಗೆ ಎಂದು ಅರ್ಥ ಮುಗಿಯುವ ಕಡೆ ನೀವೇ ಮುರಿಯಿರಿ.

ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ 1080×1920ರ ವಿಡಿಯೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೋ ಶಾರ್ಟ್ಸ್‌ಗೋ ಹೋಗುವುದಾದರೆ, ಅದರ ಕೆಳಭಾಗವನ್ನು ಆ ಆ್ಯಪ್‌ಗಳ ಗುಂಡಿಗಳೂ ಬರಹಗಳೂ ಆಕ್ರಮಿಸುತ್ತವೆ. ಅಲ್ಲಿ ಕೆಳಗಿನ ಕಾಲುಭಾಗವನ್ನು ಪೂರ್ತಿ ಬಿಟ್ಟುಬಿಡಿ.

ಕ್ಯಾಮೆರಾ ಚಲಿಸುವ ದೃಶ್ಯದಲ್ಲಿ ಮೊದಲ ಚೌಕಟ್ಟನ್ನು ಮಾತ್ರ ನೋಡಿ ಜಾಗ ಗೊತ್ತುಮಾಡುವುದು ಎಲ್ಲರೂ ಮಾಡುವ ತಪ್ಪು. ದೇವಾಲಯದ ಕತ್ತಲ ಬಾಗಿಲಿನಿಂದ ಕ್ಯಾಮೆರಾ ಹೊರ ಅಂಗಳಕ್ಕೆ ತಿರುಗಿದಾಗ, ಕತ್ತಲ ಮೇಲೆ ಚೆನ್ನಾಗಿ ಕಂಡ ಬಿಳಿ ಅಕ್ಷರ ಬಿಸಿಲಿನ ಆಕಾಶದಲ್ಲಿ ಕರಗಿಹೋಗುತ್ತದೆ. ಬರಹ ನಿಲ್ಲುವ ಸಮಯದ ಮೊದಲು, ನಡು, ಕೊನೆ ಮೂರು ಕಡೆಯೂ ನಿಲ್ಲಿಸಿ ನೋಡಬೇಕು.

ಬಣ್ಣ

ನಮ್ಮ ಕಡೆಯ ಚಿತ್ರಗಳು ಬಣ್ಣದ ವಿಷಯದಲ್ಲಿ ತಕ್ಕಮಟ್ಟಿಗೆ ಕಷ್ಟ ಕೊಡುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗೆ ಅರಳುತ್ತದೆ. ಆ ಹೂವಿನ ಮೇಲೆ ಬಿಳಿ ಅಕ್ಷರ ಇಟ್ಟರೆ ಕಾಣುವುದಿಲ್ಲ, ಎಲೆಯ ಕಡುಹಸಿರಿನ ಮೇಲೆ ಇಟ್ಟರೆ ಕಾಣುತ್ತದೆ, ಒಂದೇ ಪದ ಹೂವನ್ನೂ ಎಲೆಯನ್ನೂ ದಾಟಿದರೆ ಅರ್ಧ ಮಾತ್ರ ಕಾಣುತ್ತದೆ. ಬಾಬಾ ಬುಡನ್‌ಗಿರಿಯ ಮಂಜು ಬಿಳಿ ಅಕ್ಷರವನ್ನು ನುಂಗುತ್ತದೆ. ಬೇಲೂರು, ಹಳೇಬೀಡುಗಳ ಬಳಪದ ಕಲ್ಲಿನ ನಡುಬಣ್ಣದ ಮೇಲೆ ಬಿಳಿಯೂ ಕಪ್ಪೂ ಒಂದೇ ರೀತಿ ಮಂಕಾಗುತ್ತವೆ, ಕೆತ್ತನೆಯ ಗೆರೆಗಳು ಅಕ್ಷರದ ಗೆರೆಗಳೊಡನೆ ಬೆರೆತುಬಿಡುತ್ತವೆ.

ಬಿಳಿ ಅಕ್ಷರ, ಅದಕ್ಕೆ ತೆಳುವಾದ ಕಪ್ಪು ಅಂಚು ಎಂಬುದು ಹೆಚ್ಚಿನ ಕಡೆ ನಡೆಯುವ ಜೋಡಿ. ಅಂಚಿನ ದಪ್ಪವನ್ನು ‘ಔಟ್‌ಲೈನ್’ ಸಾಲಿನಲ್ಲಿ ಕೊಡಬಹುದು. 70ರ ಸುಮಾರಿನ ಗಾತ್ರದ ಅಕ್ಷರಕ್ಕೆ 3 ಸಾಕು, ಅದಕ್ಕಿಂತ ಹೆಚ್ಚಾದರೆ ಒತ್ತಕ್ಷರದೊಳಗಿನ ಸಣ್ಣ ಬಿಡುವುಗಳು ಮುಚ್ಚಿಹೋಗುತ್ತವೆ. ಕಲ್ಲಿನ ಕೆತ್ತನೆಯಂಥ ಕಡೆ ಅಂಚು ಮಾತ್ರ ಸಾಲದು, ಹಿಂದೆ ಅರೆಪಾರದರ್ಶಕವಾದ ಕಪ್ಪು ಪಟ್ಟಿ ಬೇಕು. ಅದನ್ನು ‘ಬ್ಯಾಕ್‌ಗ್ರೌಂಡ್’ ಬಣ್ಣದಲ್ಲಿ ಆರಿಸಿ, ಪಾರದರ್ಶಕತೆಯನ್ನು ನಿರ್ಧರಿಸುವ ಆಲ್ಫಾ ಅಂಕಿಯನ್ನು 255ರ ಬದಲು 130ರ ಆಸುಪಾಸಿಗೆ ಇಳಿಸಿ. ‘ಪ್ಯಾಡಿಂಗ್’ ಸ್ವಲ್ಪ ಏರಿಸಿದರೆ ಪಟ್ಟಿ ಅಕ್ಷರಕ್ಕೆ ಒತ್ತಿಕೊಂಡಂತೆ ಕಾಣುವುದಿಲ್ಲ.

ಶುಭಕಾರ್ಯವೆಂದು ಕುಂಕುಮದ ಕೆಂಪಿನಲ್ಲಿ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಸಾಮಾನ್ಯ ವಿಡಿಯೊ ಕಡತದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇರುತ್ತದೆ. ಕೆಂಪು ಅಕ್ಷರವೂ ಅದರ ಹಿಂದಿನ ಹಸಿರು ತೋರಣವೂ ಬೆಳಕಿನಲ್ಲಿ ಸಮಸಮವಾಗಿದ್ದು ಬಣ್ಣದಲ್ಲಿ ಮಾತ್ರ ಬೇರೆಯಾಗಿರುವುದರಿಂದ, ಅಕ್ಷರದ ಅಂಚು ಕಲಸಿಹೋಗುತ್ತದೆ. ಕೆಂಪು ಬೇಕೇ ಬೇಕೆಂದರೆ ಪಟ್ಟಿಯನ್ನು ಕಡುಗೆಂಪು ಮಾಡಿ, ಅದರ ಮೇಲೆ ಬಿಳಿ ಅಥವಾ ತಿಳಿಹಳದಿ ಅಕ್ಷರ ಇಡಿ.

ಗಾತ್ರ, ಸಮಯ, ಚಲನೆ

1080 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 72 ಪಿಕ್ಸೆಲ್ ಅಕ್ಷರವೆಂದರೆ ಎತ್ತರದ ಹದಿನೈದನೆಯ ಒಂದು ಭಾಗ. ಲ್ಯಾಪ್‌ಟಾಪಿನಲ್ಲಿ ಅದು ದೊಡ್ಡದೆನ್ನಿಸುತ್ತದೆ. ಮೊಬೈಲಿನ ಪರದೆ ಆರೂವರೆ ಸೆಂಟಿಮೀಟರ್ ಅಗಲವಿದ್ದು, ಅದನ್ನು ಅಡ್ಡ ಹಿಡಿದರೆ ಆ ಅಕ್ಷರ ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಅಡ್ಡ ವಿಡಿಯೊವನ್ನೇ ಮೊಬೈಲ್ ನೆಟ್ಟಗೆ ಹಿಡಿದು ನೋಡಿದರೆ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ, ಒತ್ತಕ್ಷರ ಅದಕ್ಕಿಂತಲೂ ಸಣ್ಣದು. ನಮ್ಮ ಅಜ್ಜಿ ಮೊಬೈಲನ್ನು ತಿರುಗಿಸುವವರಲ್ಲ, ಹೆಚ್ಚಿನ ಹಿರಿಯರೂ ತಿರುಗಿಸುವುದಿಲ್ಲ. ಆದ್ದರಿಂದ ಹೆಸರುಗಳಿಗೆ 72ಕ್ಕಿಂತ ಕಡಿಮೆ ಬೇಡ. ಮೊಬೈಲಿನಲ್ಲಿಯೇ ನೋಡುವವರು ಹೆಚ್ಚೆಂದಾದರೆ 90ಕ್ಕೆ ಏರಿಸಿ, ಪದಗಳನ್ನು ಕಡಿಮೆ ಮಾಡಿ.

ಬರಹ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ಗಟ್ಟಿಯಾಗಿ, ನಿಧಾನವಾಗಿ ಒಮ್ಮೆ ಓದಿ ನೋಡಿ, ಅದಕ್ಕೆ ಒಂದೂವರೆ ಸೆಕೆಂಡ್ ಕೂಡಿಸಿ. ಎಷ್ಟು ಚಿಕ್ಕದಾದರೂ ಮೂರು ಸೆಕೆಂಡಿಗಿಂತ ಕಡಿಮೆ ಇರಬಾರದು.

ಬರಹ ಮೆಲ್ಲಗೆ ಮೂಡಿ ಮೆಲ್ಲಗೆ ಮರೆಯಾಗುವುದು ಸಾಕಾದಷ್ಟು ಚಂದ. ಮೇಲಿನ ಟ್ರ್ಯಾಕಿನ ಬರಹಕ್ಕೆ ‘ಫೇಡ್ ಇನ್ ವಿಡಿಯೊ’ ಹಾಕಿದಾಗ ಅಕ್ಷರ ಕಪ್ಪಿನಿಂದ ಮೂಡುವಂತೆ ಕಂಡರೆ, ಆ ಫಿಲ್ಟರಿನಲ್ಲಿ ಕಪ್ಪಿನ ಬದಲು ಅಪಾರದರ್ಶಕತೆಯನ್ನು ಬದಲಿಸುವ ಆಯ್ಕೆಗೆ ಗುರುತು ಹಾಕಿ. ಆದರೆ ಅಕ್ಷರ ಒಂದೊಂದಾಗಿ ಮೂಡುವ ಟೈಪ್‌ರೈಟರ್ ಪರಿಣಾಮವನ್ನು ಕನ್ನಡಕ್ಕೆ ಹಾಕಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅದು ಸಂಕೇತಗಳನ್ನು ಒಂದೊಂದಾಗಿ ಬಿಡುಗಡೆ ಮಾಡುವುದರಿಂದ ‘ಲಕ್ಷ್ಮಿ’ ಎಂಬ ಪದ ಮೊದಲು ‘ಲಕ’, ಆಮೇಲೆ ‘ಲಕ್’, ‘ಲಕ್ಷ’, ‘ಲಕ್ಷ್’, ‘ಲಕ್ಷ್ಮ’ ಎಂದು ಐದು ತಪ್ಪು ರೂಪಗಳನ್ನು ದಾಟಿ ಕೊನೆಗೆ ಸರಿಯಾಗುತ್ತದೆ. ಓದುವವರಿಗೆ ಬರಹ ನಡುಗಿದಂತೆ ಕಾಣುತ್ತದೆ. ಪದಪದವಾಗಿ ಮೂಡುವ ಪರಿಣಾಮವಿದ್ದರೆ ಅದು ಸರಿಹೋಗುತ್ತದೆ.

ಸಿದ್ಧಪಡಿಸಿ ಉಳಿಸಿಕೊಳ್ಳುವುದು

ಪೂರ್ತಿ ವಿಡಿಯೊ ಎಕ್ಸ್‌ಪೋರ್ಟ್ ಮಾಡುವ (ಸಿದ್ಧ ಕಡತವಾಗಿ ಹೊರತೆಗೆಯುವ) ಮೊದಲು ಬರಹವಿರುವ ಒಂದೆರಡು ಕ್ಲಿಪ್‌ಗಳನ್ನಷ್ಟೇ ಎಂಪಿ4 ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಮನೆಯವರೊಬ್ಬರಿಗೆ ಕಳಿಸಿ, ಅವರ ಮೊಬೈಲಿನಲ್ಲಿ ನೋಡಿ. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸಿದ ಮೇಲೂ ಒತ್ತುಗಳು ಓದಲು ಬಂದರೆ ಕೆಲಸ ಸರಿಯಾಗಿದೆ. ಪೂರ್ತಿ ವಿಡಿಯೊ ಕಳಿಸುವಾಗ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ. ಹೆಸರುಗಳನ್ನು ಮನೆಯ ಹಿರಿಯರೊಬ್ಬರಿಂದ ಓದಿಸುವುದೂ ಈ ಹಂತದಲ್ಲಿಯೇ ಆಗಬೇಕು, ಏಕೆಂದರೆ ಎಕ್ಸ್‌ಪೋರ್ಟ್ ಆದ ಕಡತದಲ್ಲಿ ಬರಹ ಚಿತ್ರದೊಳಗೆ ಬೆರೆತುಹೋಗಿರುತ್ತದೆ, ಅದನ್ನು ಮತ್ತೆ ತಿದ್ದಲು ಬರುವುದಿಲ್ಲ.

ತಿದ್ದಲು ಬರುವುದು ಶಾಟ್‌ಕಟ್ ನಿಮ್ಮ ಕೆಲಸವನ್ನು ಉಳಿಸಿಡುವ ಎಂಎಲ್‌ಟಿ ಕಡತದಲ್ಲಿ ಮಾತ್ರ. ಆ ಕಡತದೊಳಗೆ ವಿಡಿಯೊ ಇರುವುದಿಲ್ಲ, ವಿಡಿಯೊ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಫಾಂಟ್ ಕೂಡ ಅದರೊಳಗೆ ಇರುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಇನ್ನೊಂದು ಫಾಂಟ್ ಬಂದು ಕೂತು, ನೀವು ಅಳೆದು ಇಟ್ಟ ಜಾಗವೆಲ್ಲ ಏರುಪೇರಾಗುತ್ತದೆ. ಹಾಗಾಗಿ ಬರಹವಿಲ್ಲದ ಮೂಲ ಕ್ಲಿಪ್‌ಗಳು, ಎಂಎಲ್‌ಟಿ ಕಡತ, ಬಳಸಿದ ಫಾಂಟಿನ ಕಡತ ಈ ಮೂರನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಫೋಲ್ಡರಿಗೆ ಸಮಾರಂಭದ ಹೆಸರನ್ನೂ ವರ್ಷವನ್ನೂ ಕೊಟ್ಟು, ಅದರ ಇನ್ನೊಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಡಿ.